ಮಿಠಾಯಿ ಡಬ್ಬದ ಚೀಟಿ ಎಲ್ಲಿ ಸ್ವಾಮಿ?

ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಾಲಾಗಿ ಕೂತ ಭರಣಿಗಳೊಳಗೆ ಕೆಂಪು, ಹಳದಿ, ಹಸಿರು ಜೆಲ್ಲಿ ಮಿಠಾಯಿ. ಅದರಲ್ಲಿ ಏನಿದೆ ಎಂದು ಕೇಳುವವರೇ ಅಪರೂಪ. ಕೇಳಿದರೋ, ‘ಸಕ್ಕರೇನೇ ಸ್ವಾಮಿ, ಇನ್ನೇನಿರುತ್ತೆ?’ ಎಂಬ ಉತ್ತರ ರೆಡಿ.

ಇರುತ್ತೆ. ಕೆಲವದರಲ್ಲಿ ಜೆಲಟಿನ್ ಇರುತ್ತೆ. ದನ, ಹಂದಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು ಅದು. ಜೆಲ್ಲಿ ಜಗಿದರೆ ರಬ್ಬರಿನಂತೆ ಎಳೆಯುವುದು, ಮಾರ್ಷ್‌ಮ್ಯಾಲೊ ಹತ್ತಿಯಂತೆ ಮೆತ್ತಗಿರುವುದು ಅದರ ಪ್ರತಾಪ. ತಿನ್ನುವವರು ತಿನ್ನಲಿ, ಯಾರ ತಕರಾರೂ ಇಲ್ಲ. ಆದರೆ ಮಾಂಸ ಮುಟ್ಟದವರಿಗೆ, ಹಂದಿ ನಿಷಿದ್ಧವಾದ ಮುಸಲ್ಮಾನರಿಗೆ, ದನದ್ದು ಬೇಡವೆನ್ನುವವರಿಗೆ ಗೊತ್ತಾಗದಂತೆ ತಿನ್ನಿಸುವುದು ಯಾವ ನ್ಯಾಯ?

ಕಾನೂನು ಇಲ್ಲವೆಂದಲ್ಲ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು; 2020ರ ನಿಯಮ ಅದನ್ನು ಕಂದು ತ್ರಿಕೋನ ಮಾಡಿತು. ತ್ರಿಕೋನವೋ, ಪ್ರಾಣಿಯದು ಅಂತಷ್ಟೇ ಹೇಳುತ್ತೆ, ಯಾವ ಪ್ರಾಣಿ ಅಂತ ಬಾಯಿ ಬಿಡೋಲ್ಲ. ಪ್ರಮಾಣ ಎಷ್ಟೇ ಚೂರಾಗಿರಲಿ, ಪ್ರತಿ ಪದಾರ್ಥ ಗಿಡದ್ದೋ ಪ್ರಾಣಿಯದೋ ಪ್ರಯೋಗಶಾಲೆಯದೋ ತಿಳಿಸಲೇಬೇಕೆಂದು 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಹೇಳಿತು.

ಫಜೀತಿ ಇರುವುದು ಸಣ್ಣ ಪೊಟ್ಟಣದಲ್ಲಿ. ಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಹಾಕಬೇಕಿಲ್ಲ. ಹೊರಗಿನ ದೊಡ್ಡ ಡಬ್ಬದ ಮೇಲಿದ್ದರೆ ಆಯಿತು. ಅಂದರೆ ಒಂದು ರೂಪಾಯಿ ಮಿಠಾಯಿಯ ಜಾತಕ ಗಿರಾಕಿಯ ಕೈಯಲ್ಲಿಲ್ಲ, ಅಂಗಡಿಯವರ ಗಲ್ಲಾದ ಹಿಂದೆ ಇದೆ. ಮಾಲನ್ನು ಭರಣಿಗೆ ಸುರಿದು ಡಬ್ಬವನ್ನು ರದ್ದಿಗೆ ಹಾಕಿದರೆ ಆ ಜಾತಕವೂ ರದ್ದಿಗೇ. ಚಿಲ್ಲರೆ ಇಲ್ಲವೆಂದು ಚಾಕ್ಲೇಟ್ ಕೈಗೆ ತುರುಕುವ ಪುಣ್ಯಾತ್ಮರಂತೂ ಕೇಳುವುದಕ್ಕೂ ಪುರುಸೊತ್ತು ಕೊಡುವುದಿಲ್ಲ, ಬಸ್ಸು ಹೊರಟಿರುತ್ತದೆ.

ಡಬ್ಬದ ಚೀಟಿ ಕತ್ತರಿಸಿ ಭರಣಿಗೆ ಅಂಟಿಸಲು ಎಷ್ಟು ಖರ್ಚು? ಒಂದು ತೊಟ್ಟು ಗೋಂದು. ಸಾವಿರಾರು ರೂಪಾಯಿ ಕೊಟ್ಟು ಬೋರ್ಡು ಬರೆಸುವ ನಮ್ಮ ವರ್ತಕರಿಗೆ ಇದು ಭಾರವೇ?

ಪ್ರಯಾಣಿಕರೂ ನಾಲ್ಕು ಅಕ್ಷರ ಓದಲಿ. ಚೀಟಿಯಲ್ಲಿ ಪೆಕ್ಟಿನ್ ಅಥವಾ 440 ಎಂದಿದ್ದರೆ ಅದು ಹಣ್ಣಿನ ಸಿಪ್ಪೆಯದು. ಅಗರ್ ಅಥವಾ 406 ಸಮುದ್ರದ ಪಾಚಿಯದು. ಇವು ಜೆಲಟಿನ್ ಬದಲಿಗೆ ಹಾಕುವ ಗಿಡಮೂಲದ ಅಂಟು. ಬರೀ ‘ಜೆಲಟಿನ್’ ಎಂದಿದ್ದರೆ ಬೇಡದವರು ಕೆಳಗಿಡಲಿ. ಚೀಟಿ ತೋರಿಸಲು ಅಂಗಡಿಯವರು ಮುಖ ಗಂಟಿಕ್ಕಿದರೆ, ಪಕ್ಕದ ಗಾಡಿಯಲ್ಲಿ ಬಿಸಿ ಕಡಲೆಕಾಯಿ ಸಿಗುತ್ತದೆ.