ಉಲ್ಲೇಖಗಳ ಎಣಿಕೆಗೆ ದಕ್ಕದ ಅರಕೆರೆಯ ವಿದ್ವತ್ತು

ಮಾನ್ಯ ಸಂಶೋಧನಾ ಪತ್ರಿಕೆಗಳ 'ಕೇರ್' ಪಟ್ಟಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲೆ ಹಳೆಯ ಪ್ರಶ್ನೆಯೊಂದು ಮತ್ತೆ ಮುನ್ನೆಲೆಗೆ ಬಂದಿದೆ. ಸಮಾಜವಿಜ್ಞಾನದ ವಿದ್ವಾಂಸನ ಕೊಡುಗೆಯನ್ನು ಅಳೆಯುವುದು ಹೇಗೆ? ಎಷ್ಟು ಲೇಖನಗಳು ಪ್ರಕಟವಾದವು, ಅವನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬ ಲೆಕ್ಕವೊಂದೇ ಸಾಕೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಮೂಲದ ಮನೆತನದಲ್ಲಿ ಹುಟ್ಟಿದ ಡಾ. ಎಂ.ಎನ್. ಶ್ರೀನಿವಾಸ್ (1916-1999) ಅವರಿಗಿಂತ ಉತ್ತಮ ನಿದರ್ಶನ ಸಿಗಲಾರದು.

ಮೈಸೂರಿನಲ್ಲಿ ಜನಿಸಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಬಳಿಯೂ ನಂತರ ಆಕ್ಸ್‌ಫರ್ಡ್‌ನಲ್ಲೂ ಅಧ್ಯಯನ ನಡೆಸಿದ ಶ್ರೀನಿವಾಸ್, 1952ರಲ್ಲಿ ಪ್ರಕಟವಾದ ಕೊಡವರ ಕುರಿತ ಗ್ರಂಥದಲ್ಲಿ 'ಸಂಸ್ಕೃತೀಕರಣ'ದ ಪರಿಕಲ್ಪನೆಯನ್ನು ಮಂಡಿಸಿದರು. 1956ರಲ್ಲಿ 'ಫಾರ್ ಈಸ್ಟರ್ನ್ ಕ್ವಾರ್ಟರ್ಲಿ' ಪತ್ರಿಕೆಯ ಪ್ರಬಂಧದಲ್ಲಿ ಅದನ್ನು ವಿಸ್ತರಿಸಿದರು. 1959ರಲ್ಲಿ 'ಅಮೆರಿಕನ್ ಆಂತ್ರಪಾಲಜಿಸ್ಟ್' ಪತ್ರಿಕೆಯಲ್ಲಿ 'ಪ್ರಬಲ ಜಾತಿ'ಯ ವಿವರಣೆ ಬಂತು. ಸಂಖ್ಯಾಬಲ, ಭೂ ಒಡೆತನ ಹಾಗೂ ಸ್ಥಳೀಯ ಅಧಿಕಾರ ಒಂದೆಡೆ ಸೇರಿದಾಗ ಜಾತಿಶ್ರೇಣಿಯ ತುದಿಯಲ್ಲಿಲ್ಲದ ಸಮುದಾಯವೂ ಊರನ್ನು ಆಳಬಲ್ಲದೆಂಬುದು ಅದರ ಸಾರ. ಮಂಡ್ಯ, ಮೈಸೂರು ಜಿಲ್ಲೆಗಳ ಚುನಾವಣೆಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇಲ್ಲಿಯೇ ಉಲ್ಲೇಖದ ಲೆಕ್ಕ ಎಡವುವುದು. 'ವೋಟ್ ಬ್ಯಾಂಕ್' ಎಂಬ ಪದವನ್ನು ಚಾಲ್ತಿಗೆ ತಂದ ಶ್ರೇಯ ಶ್ರೀನಿವಾಸ್ ಅವರ 1955ರ ಪ್ರಬಂಧಕ್ಕೆ ಸಲ್ಲುತ್ತದೆ. ಇಂದು ಆ ಪದವನ್ನು ಬಳಸದ ರಾಜಕಾರಣಿಯಿಲ್ಲ, ಪತ್ರಕರ್ತನಿಲ್ಲ. ಆದರೆ ಬಳಸುವವರಾರೂ ಅಡಿಟಿಪ್ಪಣಿ ಹಾಕುವುದಿಲ್ಲ. ವಿಚಾರವೊಂದು ಎಲ್ಲರ ಸ್ವತ್ತಾದಾಗ ಅದರ ಕರ್ತೃವಿನ ಹೆಸರು ಅಳಿಸಿಹೋಗುತ್ತದೆಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಬಹಳ ಹಿಂದೆಯೇ ಗುರುತಿಸಿದ್ದರು. ಪ್ರಭಾವ ಪರಾಕಾಷ್ಠೆಗೆ ಮುಟ್ಟಿದಾಗಲೇ ಎಣಿಕೆ ನಿಂತುಹೋಗುತ್ತದೆ!

ಎರಡನೆಯದು ಕಾಲದ ಪ್ರಶ್ನೆ. ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ಶ್ರೀನಿವಾಸ್ 1948ರಲ್ಲಿ ಸುಮಾರು 11 ತಿಂಗಳು ನೆಲೆಸಿ ಕ್ಷೇತ್ರಕಾರ್ಯ ಮಾಡಿದರು. ಬರಹದಲ್ಲಿ ಆ ಊರಿಗೆ 'ರಾಂಪುರ' ಎಂಬ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ, ವರ್ಷಗಳ ಕಾಲ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂತು. ಕ್ಷೇತ್ರಕಾರ್ಯಕ್ಕೂ ಗ್ರಂಥಕ್ಕೂ ನಡುವೆ 28 ವರ್ಷಗಳ ಅಂತರ. ವರ್ಷವರ್ಷವೂ ಅಂಕ ತೋರಿಸಬೇಕಾದ ಇಂದಿನ ಅಧ್ಯಾಪಕರಿಗೆ ಇಂಥ ತಾಳ್ಮೆ ಸಾಧ್ಯವೇ?

ಎಣಿಕೆಯ ಪರವಾಗಿಯೂ ವಾದವಿದೆ. ಬಡ್ತಿ, ನೇಮಕಾತಿಗಳಲ್ಲಿ ಜಾತಿ, ಶಿಫಾರಸು, ಗುಂಪುಗಾರಿಕೆಗಳ ಹಾವಳಿಗೆ ಬೇಸತ್ತವರಿಗೆ ಅಂಕ ನಿಷ್ಪಕ್ಷಪಾತದ ಭರವಸೆ ನೀಡಿತ್ತು. 2010ರ ಯುಜಿಸಿ ನಿಯಮಾವಳಿಯ 'ಎಪಿಐ' ಅಂಕ ಪದ್ಧತಿಯ ಹಿಂದೆ ಈ ಆಶಯವೂ ಇತ್ತು. ಆದರೆ ಅಂಕವೇ ಗುರಿಯಾದಾಗ ಹಣ ಪಡೆದು ಲೇಖನ ಅಚ್ಚುಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಅವನ್ನು ತಡೆಯಲೆಂದೇ 'ಕೇರ್' ಪಟ್ಟಿ ಬಂತು. ಈಗ ಅದೂ ಹೋಗಿ, ಗುಣಮಟ್ಟ ನಿರ್ಧರಿಸುವ ಹೊಣೆ ವಿಶ್ವವಿದ್ಯಾಲಯಗಳ ಹೆಗಲಿಗೇ ಮರಳಿದೆ.

ಉಲ್ಲೇಖದ ಸಂಖ್ಯೆ ಒಪ್ಪಿಗೆಯನ್ನೂ ಖಂಡನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸಂಸ್ಕೃತೀಕರಣದ ಪರಿಕಲ್ಪನೆ ಸಮಾಜವನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ದಲಿತರ ಪ್ರತಿಭಟನೆಯ ಧಾರೆಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂಬ ಟೀಕೆ ಪ್ರಬಲವಾಗಿದೆ. ಆ ಟೀಕೆಗಳೂ ಶ್ರೀನಿವಾಸ್ ಅವರ ಲೆಕ್ಕಕ್ಕೇ ಜಮೆಯಾಗುತ್ತವೆ. ಸಮಾಜವಿಜ್ಞಾನದಲ್ಲಿ ವಾಗ್ವಾದ ಹುಟ್ಟಿಸುವುದೂ ದೊಡ್ಡ ಕೊಡುಗೆಯೇ ಹೌದು. ಆದರೆ ಆ ವಾಗ್ವಾದದ ಸತ್ವವೇನೆಂಬುದನ್ನು ಅಂಕಿ ಹೇಳಲಾರದು.

ಇದರ ಬಿಸಿ ಹೆಚ್ಚು ತಟ್ಟುವುದು ಕನ್ನಡದಲ್ಲಿ ಬರೆಯುವವರಿಗೆ. ಜಾಗತಿಕ ಉಲ್ಲೇಖ ಸೂಚಿಗಳು ಮುಖ್ಯವಾಗಿ ಇಂಗ್ಲಿಷ್ ನಿಯತಕಾಲಿಕೆಗಳನ್ನೇ ಅವಲಂಬಿಸಿವೆ. ಶ್ರೀನಿವಾಸ್ ಅವರ ಪ್ರಮುಖ ಕೃತಿಗಳು ಇಂಗ್ಲಿಷಿನಲ್ಲಿದ್ದುದರಿಂದ ಜಗತ್ತು ಅವುಗಳನ್ನು ಗಮನಿಸಿತು. ನಾಲೆಯ ನೀರು, ಕಬ್ಬಿನ ಬಾಕಿ, ಒಕ್ಕಲುತನದ ಬಿಕ್ಕಟ್ಟುಗಳ ಬಗ್ಗೆ ಮಂಡ್ಯದ ಕಾಲೇಜು ಅಧ್ಯಾಪಕರೊಬ್ಬರು ಕನ್ನಡದಲ್ಲಿ ಗಂಭೀರ ಅಧ್ಯಯನ ಪ್ರಕಟಿಸಿದರೆ, ಅದನ್ನು ಓದಬೇಕಾದ ಜನರಿಗೆ ಅದು ತಲುಪಬಹುದು. ಸೂಚಿಗಳ ಪಾಲಿಗೆ ಮಾತ್ರ ಅದು ಇಲ್ಲದಂತೆಯೇ.

ಹೊಸ ಮಾನದಂಡ ರೂಪಿಸಬೇಕಾದ ರಾಜ್ಯದ ವಿಶ್ವವಿದ್ಯಾಲಯಗಳ ಮುಂದೆ ಈಗ ಎರಡು ದಾರಿಗಳಿವೆ. ಮತ್ತೊಂದು ಪಟ್ಟಿ, ಮತ್ತೊಂದು ಅಂಕಕೋಷ್ಟಕ ತಯಾರಿಸುವುದು ಸುಲಭದ ದಾರಿ. ಅಭ್ಯರ್ಥಿಯ ಆಯ್ದ ಕೆಲವು ಬರಹಗಳನ್ನು, ಅವು ಕನ್ನಡದಲ್ಲಿದ್ದರೂ, ವಿಷಯತಜ್ಞರು ಕೂತು ಓದಿ ಲಿಖಿತ ಅಭಿಪ್ರಾಯ ಕೊಡುವುದು ಕಷ್ಟದ ದಾರಿ. ಎಣಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ಓದುವ ಕೆಲಸವನ್ನು ವಿದ್ವಾಂಸರೇ ಮಾಡಬೇಕು.