ಪುಷ್ಪಕ ವಿಮಾನವೂ ಮಂಗಳಾಂತದ ಹಟವೂ

ನಾಯಕ ನಾಯಿಕೆಯರ ಕೊರಳಿಗೆ ಮಾಲೆ ಬೀಳದ ಹೊರತು ನಗೆಯ ಕಥೆ ಮುಗಿಯಲಾಗದೆಂಬುದು ಹಿರೇಕೆರೂರು ಸೀಮೆಯ ಸುಶಿಕ್ಷಿತ ಮನೆಗಳಲ್ಲಿ ಬಹುಕಾಲದಿಂದ ಬೇರೂರಿರುವ ನಂಬುಗೆ. ‘ಕೌರವ’ ಚಿತ್ರದ ನಾಯಕನನ್ನೇ 2004ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿದ ಈ ತಾಲೂಕಿಗೆ ಚಿತ್ರನಾಯಕನ ಲಕ್ಷಣವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಆತನು ಗೆಲ್ಲತಕ್ಕವನು, ಸೋತರೂ ದೊಡ್ಡವನಾಗಿಯೇ ಸೋಲತಕ್ಕವನು. ಈ ಲಕ್ಷಣಕ್ಕೆ ಹೊರತಾದುದನ್ನು ಕಂಡೊಡನೆ ‘ಇದು ಪರದೇಶದ ಸರಕು’ ಎಂದು ತಳ್ಳಿಬಿಡುವುದು ಸುಲಭ. 1987ರಲ್ಲಿ ತೆರೆಗೆ ಬಂದ ‘ಪುಷ್ಪಕ ವಿಮಾನ’ದ ಮಾತು ಬಂದಾಗಲೆಲ್ಲ ಹೀಗೆಯೇ ಆಗುತ್ತ ಬಂದಿದೆ. ಎರಡು ತಾಸು ಹೊಟ್ಟೆ ಹಿಡಿದುಕೊಂಡು ನಕ್ಕವರೇ ಕಡೆಯ ನಿಮಿಷದಲ್ಲಿ ಮುನಿದು ಏಳುವರು.

ಸಂಗೀತಂ ಶ್ರೀನಿವಾಸರಾಯರು ಕಟ್ಟಿ ನಿರ್ದೇಶಿಸಿ, ಶೃಂಗಾರ ನಾಗರಾಜರು ನಿರ್ಮಾಪಕರಾಗಿ ನಿಂತು ಹೊರತಂದ ಈ ಚಿತ್ರದಲ್ಲಿ ಸದ್ದುಂಟು, ಮಾತಿಲ್ಲ. ಕನ್ನಡಕ್ಕೆ ವಾಕ್ಚಿತ್ರವು 1934ರಲ್ಲಿ ‘ಸತಿ ಸುಲೋಚನಾ’ದಿಂದ ಬಂದಿತು, ಅದಾಗಿ 53 ವರ್ಷಗಳಿಗೆ ಮಾತನ್ನೇ ಬಿಟ್ಟುಕೊಟ್ಟು ಕಥೆ ಹೇಳುವ ಎದೆಗಾರಿಕೆ ಸಾಮಾನ್ಯವಾದುದಲ್ಲ. ಕಥೆಯೋ ಬಹಳ ಸರಳ. ಉದ್ಯೋಗವಿಲ್ಲದೆ ಅರ್ಜಿಯ ಸಾಲುಗಳಲ್ಲಿ ನಿಂತು ಸವೆದ ತರುಣನೊಬ್ಬನು ಬೀದಿಯಲ್ಲಿ ಕುಡಿದು ಬಿದ್ದಿದ್ದ ಸಿರಿವಂತನನ್ನು ತನ್ನ ಬಾಡಿಗೆಯ ಖೋಲಿಯಲ್ಲಿ ಕಟ್ಟಿಹಾಕಿ, ಆತನ ಬೀಗದ ಕೈಯನ್ನು ಹಿಡಿದು ಆತನ ಹೋಟೆಲಿನ ಕೋಣೆಯಲ್ಲಿ ಅರಸನಂತೆ ಇಳಿಯುವನು. ಅಲ್ಲಿ ಜಾದೂಗಾರನ ಮಗಳೊಡನೆ ಒಲವು ಕೂಡುವುದು. ಸಿರಿವಂತನನ್ನು ಕೊಲ್ಲಬಂದ ಕೂಲಿಯ ಕೊಲೆಗಾರನು, ಕರಗಿ ಕುರುಹುಳಿಸದ ಮಂಜುಗಡ್ಡೆಯ ಕಠಾರಿಯನ್ನು ಹಿಡಿದು ಈ ತರುಣನ ಬೆನ್ನು ಹತ್ತುವನು. ಕಡೆಗೆ ತರುಣನು ಸೆರೆಯಾಳನ್ನು ಬಿಟ್ಟು, ತನ್ನ ವಂಚನೆಯನ್ನೆಲ್ಲ ಆ ಹುಡುಗಿಗೆ ಒಪ್ಪಿಸುವನು. ಅವಳು ಕ್ಷಮಿಸಿ, ಊರು ಬಿಡುವಾಗ ಗುಲಾಬಿಯೊಡನೆ ತನ್ನ ವಿಳಾಸದ ಚೀಟಿಯನ್ನು ಎಸೆಯುವಳು. ಹೂವು ಕೈಗೆ ಸಿಕ್ಕುವುದು, ಚೀಟಿ ಚರಂಡಿಯ ಪಾಲಾಗುವುದು. ತರುಣನು ಮತ್ತೆ ಉದ್ಯೋಗಾರ್ಥಿಗಳ ಸಾಲಿನಲ್ಲಿ ಹೋಗಿ ನಿಲ್ಲುವನು. ಇಷ್ಟೇ.

ಆಕ್ಷೇಪಕರ ಕೋಪವೆಲ್ಲ ಆ ಚರಂಡಿಯ ಮೇಲೆ. ಕ್ಷಮಿಸಿದ ಮೇಲೆ ಕೂಡಿಸಬಾರದಾಗಿತ್ತೇ? ಕಾಳಿದಾಸನೂ ಉಂಗುರವನ್ನು ನೀರಿಗೆ ಬೀಳಿಸಿದನು. ಆದರೆ ಮೀನಿನ ಹೊಟ್ಟೆಯಿಂದ ಅದನ್ನು ಮರಳಿ ತರಿಸಿ ಶಕುಂತಲೆಯನ್ನು ದುಷ್ಯಂತನೊಡನೆ ಸೇರಿಸಲಿಲ್ಲವೇ? ಈ ಪ್ರಶ್ನೆ ಕೇಳುವವರು ಒಂದು ಮಾತನ್ನು ಮರೆಯುವರು. ದುಷ್ಯಂತನ ಮರವೆಗೆ ದುರ್ವಾಸರ ಶಾಪ ಕಾರಣ, ಮತ್ತು ಉಂಗುರದ ಮೇಲಿದ್ದುದು ಆತನ ನಿಜವಾದ ಹೆಸರು. ಇಲ್ಲಿಯ ತರುಣನಿಗೆ ಶಾಪವಾವುದೂ ಇಲ್ಲ. ಆತನ ಹಾಸಿಗೆ, ಉಡುಪು, ಬೀಗದ ಕೈ ಎಲ್ಲವೂ ಪರರವು. ಆ ವೇಷದಲ್ಲಿ ಗಳಿಸಿದ ಹುಡುಗಿಯನ್ನು ಮದುವೆಯ ಚಪ್ಪರಕ್ಕೆ ತಂದು ನಿಲ್ಲಿಸಿದ್ದರೆ ಕಳ್ಳತನಕ್ಕೆ ಕನ್ಯಾದಾನದ ಬಹುಮಾನ ಕೊಟ್ಟಂತಾಗುತ್ತಿತ್ತು. ಮಂಗಳವು ಈ ಕಥೆಯಲ್ಲಿ ಇಲ್ಲವೆನ್ನುವುದೂ ಸರಿಯಲ್ಲ. ಸುಳ್ಳನು ತಾನಾಗಿಯೇ ನಿಜವನ್ನಾಡಿದನು, ನೊಂದವಳು ಕ್ಷಮಿಸಿದಳು. ಇದಕ್ಕಿಂತ ಮಿಗಿಲಾದ ಮಂಗಳವನ್ನು ಮೂರು ಗಂಟುಗಳಲ್ಲಿ ಮಾತ್ರ ಹುಡುಕುವುದು ಪುರೋಹಿತರ ಕೆಲಸ, ರಸಿಕರದಲ್ಲ.

ಅದಲ್ಲದೆ ನಮ್ಮವರಿಗೆ ವಿಯೋಗವೇ ಒಗ್ಗದೆಂಬುದು ಸುಳ್ಳು. 2006ರ ‘ಮುಂಗಾರು ಮಳೆ’ಯಲ್ಲಿ ನಾಯಕನು ಒಲಿದವಳನ್ನು ಬಿಟ್ಟುಕೊಡುವನು, ಅದನ್ನು ನಾಡಿಗೆ ನಾಡೇ ಕಣ್ಣೀರಿಟ್ಟು ಮೆಚ್ಚಿತು. 1972ರ ‘ನಾಗರಹಾವು’ ಸಾವಿನಲ್ಲಿ ಮುಗಿದರೂ ಅದನ್ನು ಪರದೇಶದ ಸರಕೆಂದು ಯಾರೂ ಅನ್ನಲಿಲ್ಲ. ಅಲ್ಲಿ ಸಮ್ಮತವಾದುದು ಇಲ್ಲಿ ಏಕೆ ಅಸಮ್ಮತ? ಅಲ್ಲಿ ವಿಯೋಗಕ್ಕೆ ತ್ಯಾಗದ ಕಿರೀಟವುಂಟು, ಛಲದ ಬಿರುದುಂಟು. ಸೋತವನು ಸೋಲಿನಿಂದಲೇ ಎತ್ತರವಾಗುವನು. ಪುಷ್ಪಕದ ತರುಣನಾದರೋ ಏನನ್ನೂ ತ್ಯಾಗಮಾಡಲಿಲ್ಲ. ಅವನಿಂದ ಒಂದು ಕಾಗದ ಕಳೆಯಿತು, ಅಷ್ಟೆ. ಹೀಗೆ ಕಿರೀಟವಿಲ್ಲದ ಸೋಲನ್ನು ನೋಡುವುದು ಕಷ್ಟ. ಏಕೆಂದರೆ ಮನೆಮನೆಯಲ್ಲಿಯೂ ಅದರ ಗುರುತಿದೆ. ನೇಮಕದ ಪತ್ರದ ದಾರಿ ಕಾಯುತ್ತ ಕುಳಿತ ಮಗನು ಯಾವ ಮನೆಯಲ್ಲಿಲ್ಲ? ಆಕ್ಷೇಪದ ಬೇರು ನಾಟ್ಯಶಾಸ್ತ್ರದಲ್ಲಿಲ್ಲ, ಇಲ್ಲಿದೆ.

ಇನ್ನು ಶಾಸ್ತ್ರದ ಹೆಸರಿನಲ್ಲಿ ಎತ್ತುವ ಮತ್ತೊಂದು ತಕರಾರು. ಶೃಂಗಾರಕ್ಕೂ ಬೀಭತ್ಸಕ್ಕೂ ವೈರ. ಸೆರೆಯಾಳಿನ ಮಲವನ್ನು ಉಡುಗೊರೆಯ ಪೊಟ್ಟಣದಲ್ಲಿ ಕಟ್ಟಿ ಹೊರಗೆ ಸಾಗಿಸುವ ಚಿತ್ರದಲ್ಲಿ ಒಲವಿನ ನೋಟಕ್ಕೆ ಎಡೆಯೆಲ್ಲಿ, ಎಂದು ಕೇಳುವರು. ಕೇಳತಕ್ಕ ಮಾತೇ ಸರಿ. ಆದರೆ ವೈರವನ್ನು ಹೇಳಿದ ಶಾಸ್ತ್ರವೇ ಪರಿಹಾರವನ್ನೂ ಹೇಳಿದೆ. ವಿರೋಧಿಗಳಾದ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ಇರಿಸಬಹುದು, ಇಲ್ಲವೆ ನಡುವೆ ಮೂರನೆಯದೊಂದನ್ನು ತಂದು ನಿಲ್ಲಿಸಬಹುದು ಎಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ವಿವರಿಸಿ, ನಾಗಾನಂದದಲ್ಲಿ ಶಾಂತ ಶೃಂಗಾರಗಳ ನಡುವೆ ಅದ್ಭುತವು ನಿಂತುದನ್ನು ನಿದರ್ಶನವಾಗಿ ತೋರಿದನು. ಪುಷ್ಪಕದಲ್ಲಿ ಹೊಲಸು ಇರುವುದು ಖೋಲಿಯಲ್ಲಿ, ಒಲವು ಇರುವುದು ಹೋಟೆಲಿನಲ್ಲಿ. ಎರಡರ ನಡುವೆ ನಿಂತುದು ನಗೆ. ಶೃಂಗಾರದಿಂದ ಹಾಸ್ಯವು ಹುಟ್ಟುವುದೆಂಬುದು ಭರತನ ಮತವಾದುದರಿಂದ ಈ ಮಧ್ಯಸ್ಥನು ಹೊರಗಿನವನೂ ಅಲ್ಲ. ಆ ಪೊಟ್ಟಣದ ಆಟವನ್ನು ಒಂದೆರಡು ಸಲ ಕಡಿಮೆ ಆಡಿಸಿದ್ದರೆ ಕಥೆಗೆ ಕೊರತೆಯಾಗುತ್ತಿರಲಿಲ್ಲವೆಂಬುದನ್ನು ಮಾತ್ರ ಒಪ್ಪಲೇಬೇಕು. ಅದು ಅಳತೆಯ ತಪ್ಪು, ಜಾತಿಯ ತಪ್ಪಲ್ಲ.

‘ಪರದೇಶದ ಸರಕು’ ಎಂಬ ಮಾತಿಗೆ ಉತ್ತರವನ್ನು ಮೃಚ್ಛಕಟಿಕವೇ ಕೊಡುವುದು. ಅಲ್ಲಿ ಬಡತನವುಂಟು, ಗೋಡೆಗೆ ಕನ್ನ ಕೊರೆಯುವುದನ್ನು ಕಲೆಯೆಂದು ಬಗೆದ ಶರ್ವಿಲಕನುಂಟು, ನಗಿಸುತ್ತ ನಗಿಸುತ್ತಲೇ ವಸಂತಸೇನೆಯ ಕೊರಳನ್ನು ಹಿಸುಕುವ ಶಕಾರನುಂಟು, ವಧ್ಯಸ್ಥಾನಕ್ಕೆ ನಡೆದುಹೋಗುವ ಚಾರುದತ್ತನುಂಟು. ಅದರ ಕೊನೆ ಮಂಗಳವಾದುದು ನಿಜ. ಆದರೆ ಆ ಮಂಗಳಕ್ಕಾಗಿ ಪಾಲಕನು ಸತ್ತು ಆರ್ಯಕನು ಸಿಂಹಾಸನವೇರಬೇಕಾಯಿತು. ರಾಜ್ಯವೇ ಬದಲಾಗದೆ ಆ ಬಡವನಿಗೆ ಒಲಿದವಳು ದಕ್ಕಲಿಲ್ಲ. ಪುಷ್ಪಕದ ಊರಿನಲ್ಲಿ ಆಳುವುದು ನಿರುದ್ಯೋಗ. ಅದನ್ನು ಇಳಿಸಲು ಯಾವ ಆರ್ಯಕನೂ ಬರಲಿಲ್ಲ. ಬಾರದವನನ್ನು ಬಂದನೆಂದು ತೋರಿಸುವುದು ಶೂದ್ರಕನಿಗೆ ಮಾಡುವ ಗೌರವವಲ್ಲ. ಶೂದ್ರಕನವರೆಗೆ ಹೋಗುವುದೇಕೆ? ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ಈ ಸೀಮೆಯ ಹಿರಿಯರು ಬೆಳಗಿನ ತನಕ ಕುಳಿತು ನೋಡಿದವರು. ಅದರಲ್ಲಿ ಪ್ರೇಮ, ಹಾಸ್ಯ, ಗೆಳೆಯನ ದ್ರೋಹ, ಕೊಲೆ ಎಲ್ಲವೂ ಒಂದೇ ರಾತ್ರಿಯ ಪಂಜಿನ ಬೆಳಕಿನಲ್ಲಿ ಕೂಡಿದ್ದವು. ಆಗ ಯಾರೂ ಸಂಗ್ಯಾನಿಗೆ ಮದುವೆ ಮಾಡಿರೆಂದು ಹಟ ಹಿಡಿಯಲಿಲ್ಲ.

ಸರಕಾರವು ಈ ಚಿತ್ರಕ್ಕೆ ಆರೋಗ್ಯಕರವಾದ ಮನರಂಜನೆಯ ಜನಪ್ರಿಯ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಕೊಟ್ಟಿತು. ಕೊಲೆಗಾರ, ವಂಚಕ, ಮಲದ ಪೊಟ್ಟಣಗಳುಳ್ಳ ಚಿತ್ರಕ್ಕೆ ಆ ವಿಶೇಷಣವನ್ನು ಹಚ್ಚಿದುದನ್ನು ಕಂಡು ನಗಬೇಕೆನಿಸಿದರೆ ನಗಲಿ. ವಿಶೇಷಣವು ಮಾತ್ರ ಸುಳ್ಳಲ್ಲ.

ಈಚೆಗೆ ಕೇಳಿಬರುವ ಇನ್ನೊಂದು ಸಲಹೆ ಬಹಳ ವಿನೋದದ್ದು. ಚರಂಡಿ ಬಳಿಯುವವನೊಬ್ಬನು ಆ ಚೀಟಿಯನ್ನು ಎತ್ತಿ ತರುಣನ ಕೈಗೆ ಕೊಟ್ಟಂತೆ ಒಂದೇ ಒಂದು ದೃಶ್ಯವನ್ನು ಸೇರಿಸಿದ್ದರೆ ಶಾಕುಂತಲದ ಬೆಸ್ತನಂತೆ ಆತನೂ ಕಥೆಯನ್ನು ದಡ ಹಾಯಿಸುತ್ತಿದ್ದನಂತೆ! ಆರನೆಯ ಅಂಕವನ್ನು ಇನ್ನೊಮ್ಮೆ ತೆರೆದು ನೋಡಲಿ. ಉಂಗುರ ತಂದ ಬೆಸ್ತನನ್ನು ಕಾವಲುಗಾರರು ಮೊದಲು ಕಳ್ಳನೆಂದು ಕಟ್ಟಿ ಹೊಡೆದರು. ವಧ್ಯನಿಗೆ ಹೂಮಾಲೆ ಕಟ್ಟಲು ತನ್ನ ಕೈ ತುರಿಸುತ್ತಿದೆಯೆಂದು ಅವರಲ್ಲೊಬ್ಬನು ಚೇಷ್ಟೆಮಾಡಿದನು. ಅರಸನಿಂದ ಬಹುಮಾನ ಬಂದೊಡನೆ ಅದರ ಅರ್ಧವು ಆ ಕಾವಲುಗಾರರ ಪಾಲಾಯಿತು, ಮತ್ತು ಎಲ್ಲರೂ ಕೂಡಿ ಹೆಂಡದಂಗಡಿಯ ದಾರಿ ಹಿಡಿದರು.