ತಂದೆಯಳಿದ ಮಕ್ಕಳೂ ಕಥೆಗಾರರೂ

ಕಥಾನಾಯಕನು ಬಾಲಕನಾಗಿದ್ದರೆ ಅವನ ತಂದೆಯೋ ತಾಯಿಯೋ ಮೊದಲನೆಯ ಅಧ್ಯಾಯದಲ್ಲಿಯೇ ತೀರಿಕೊಳ್ಳಬೇಕು. ಆ ಮರಣದಿಂದ ಅವನೆದೆಯಲ್ಲಿ ಒಂದು ಕಿಚ್ಚು ಹೊತ್ತಿಕೊಳ್ಳಬೇಕು. ಆ ಕಿಚ್ಚೇ ಅವನನ್ನು ಕಡೆಯ ಅಧ್ಯಾಯದವರೆಗೂ ನಡೆಸಬೇಕು. ಕಾದಂಬರಿಗಳನ್ನು ಬರೆಯುವವರಲ್ಲಿಯೂ ಅವುಗಳಿಗೆ ಮುನ್ನುಡಿ ಬರೆಯುವವರಲ್ಲಿಯೂ ಇದೀಗ ಇದೊಂದು ಸೂತ್ರವೇ ಆಗಿಬಿಟ್ಟಿದೆ. ಚಲಚ್ಚಿತ್ರಗಳ ಮಾತನ್ನಂತೂ ಹೇಳತಕ್ಕದ್ದೇ ಇಲ್ಲ. ಅಲ್ಲಿ ತಂದೆಯಾದವನು ಹಾಡೊಂದನ್ನು ಹಾಡಿ, ಮಗನನ್ನು ಹೆಗಲಮೇಲೆ ಹೊತ್ತು ತಿರುಗಿ, ಪ್ರೇಕ್ಷಕರು ನೆಮ್ಮದಿಯಾಗಿ ಕುಳಿತುಕೊಳ್ಳುವುದರೊಳಗಾಗಿ ಹತನಾಗುತ್ತಾನೆ; ಮಗನು ಓಡುತ್ತೋಡುತ್ತಲೇ ಇಪ್ಪತ್ತು ವರ್ಷ ದೊಡ್ಡವನಾಗಿ ಕತ್ತಿ ಹಿಡಿದು ನಿಲ್ಲುತ್ತಾನೆ. ನಡುವಿನ ಆ ಇಪ್ಪತ್ತು ವರ್ಷಗಳಲ್ಲಿ ಅವನಿಗೆ ಅನ್ನವಿಕ್ಕಿದವರು ಯಾರು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು ಯಾರು ಎಂದು ಕೇಳುವವನು ಅರಸಿಕನೆನಿಸುತ್ತಾನೆ.

ಈ ಸೂತ್ರವು ಸುಳ್ಳು. ಸುಳ್ಳಾಗಿರುವುದಷ್ಟೇ ಅಲ್ಲ, ತಂದೆತಾಯಿಗಳನ್ನು ನಿಜವಾಗಿಯೇ ಕಳೆದುಕೊಂಡ ಮಕ್ಕಳಿರುವ ಮನೆಗಳಲ್ಲಿ ಅದು ಕೇಡನ್ನೂ ಮಾಡುತ್ತಿದೆ.

ಬಟ್ಟೆಗೆ ನೂಲು ಸಮವಾಯಿಕಾರಣ, ಮಗ್ಗವು ನಿಮಿತ್ತಕಾರಣ ಎಂಬುದು ತರ್ಕಸಂಗ್ರಹದ ಮೊದಲ ಪಾಠಗಳನ್ನು ಕೇಳಿದವನಿಗೂ ತಿಳಿದ ಮಾತು. ತಂದೆಯ ಮರಣವಾದರೋ ನೂಲೂ ಅಲ್ಲ, ಮಗ್ಗವೂ ಅಲ್ಲ. ಅದು ಒಂದು ಅಭಾವ. ಇದ್ದವನು ಇಲ್ಲವಾದನೆಂಬುದರಿಂದ ಮಗುವಿಗೆ ಹಸಿವೆಯೂ ಭಯವೂ ಉಂಟಾಗಬಹುದು. ಇಂಥವನನ್ನು ಕೊಲ್ಲಬೇಕು, ಇಂಥ ಪದವಿಯನ್ನು ಪಡೆಯಬೇಕು ಎಂಬ ಸಂಕಲ್ಪವು ಅಷ್ಟರಿಂದಲೇ ಹುಟ್ಟುವುದೆಂತು? ಮನೆಯಲ್ಲಿ ಒಂದು ಮಣೆ ತೆರವಾಯಿತು. ಆ ಮಣೆಯ ಮೇಲೆ ಬಂದು ಕುಳಿತು ಮಗುವಿನೊಡನೆ ಮೊದಲು ಮಾತನಾಡಿದವರು ಯಾರೋ, ಅವರು ಏನು ಹೇಳಿದರೋ, ಅದರಿಂದ ಸಂಕಲ್ಪವು ಹುಟ್ಟುತ್ತದೆ. ಕಥೆಗಾರನು ಬರೆಯಬೇಕಾದದ್ದು ಅದನ್ನು. ಅದನ್ನು ಬಿಟ್ಟು ಸಾವೊಂದನ್ನೇ ಬರೆದವನು ಕಾರಣವನ್ನು ಬರೆದಂತಾಗಲಿಲ್ಲ.

ರಸಶಾಸ್ತ್ರದ ಕಡೆಯಿಂದ ನೋಡಿದರೂ ಇಷ್ಟೇ. ರೌದ್ರದಿಂದ ಕರುಣವು ಹುಟ್ಟುತ್ತದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಒಬ್ಬನ ಕ್ರೋಧವು ಮತ್ತೊಬ್ಬರ ಮನೆಯ ಶೋಕವಾಗುವುದು ಲೋಕದಲ್ಲಿ ಕಂಡದ್ದೇ. ಆದರೆ ಶೋಕವು ತಾನಾಗಿಯೇ ಕ್ರೋಧವಾಗಿ ತಿರುಗುವುದೆಂಬ ಮಾತನ್ನು ಇಂದಿನ ಕಥೆಗಾರರಿಗೆ ಯಾರು ಕಲಿಸಿದರೋ ತಿಳಿಯದು. ಶೋಕಕ್ಕೂ ಕ್ರೋಧಕ್ಕೂ ನಡುವೆ ಒಬ್ಬ ಮಾತುಗಾರನು ಬೇಕು.

ಈ ಸೂತ್ರದವರು ತಮ್ಮ ಪಕ್ಷಕ್ಕೆ ಜನಮೇಜಯನನ್ನು ಸಾಕ್ಷಿಯಾಗಿ ಕರೆಯುವುದುಂಟು. ತಂದೆ ಪರೀಕ್ಷಿತನನ್ನು ತಕ್ಷಕನು ಕಚ್ಚಿದನು, ಆದಕಾರಣ ಮಗನು ಸರ್ಪಯಾಗವನ್ನು ಮಾಡಿದನು, ಇನ್ನೇನು ಬೇಕು ಎನ್ನುತ್ತಾರೆ. ಆದಿಪರ್ವವನ್ನು ಪೂರ್ತಿಯಾಗಿ ಓದಿದವರು ಹೀಗೆ ಹೇಳಲಾರರು. ತಂದೆ ಸತ್ತಾಗ ಜನಮೇಜಯನು ಶಿಶು. ಮಂತ್ರಿಗಳೂ ಪುರೋಹಿತರೂ ಸೇರಿ ಅವನಿಗೆ ಪಟ್ಟ ಕಟ್ಟಿದರು. ಅವನು ಬೆಳೆದನು, ಕಾಶೀರಾಜನ ಮಗಳಾದ ವಪುಷ್ಟಮೆಯನ್ನು ಮದುವೆಯಾದನು, ಅವಳೊಡನೆ ಸುಖವಾಗಿದ್ದನು, ತಕ್ಷಶಿಲೆಯನ್ನು ಗೆದ್ದು ಬಂದನು. ಇಷ್ಟು ವರ್ಷಗಳಲ್ಲಿ ಅವನ ಎದೆಯಲ್ಲಿ ಕಿಚ್ಚೆಂಬುದು ಇದ್ದಿದ್ದರೆ ವ್ಯಾಸರು ಅದನ್ನು ಮುಚ್ಚಿಡುತ್ತಿರಲಿಲ್ಲ. ಆಮೇಲೆ ಉತ್ತಂಕನು ಬಂದನು. ಗುರುಪತ್ನಿಗಾಗಿ ತಂದ ಕುಂಡಲಗಳನ್ನು ತಕ್ಷಕನು ದಾರಿಯಲ್ಲಿ ಕದ್ದು ಪಾತಾಳಕ್ಕೆ ಇಳಿದದ್ದರಿಂದ ಅವನಿಗೆ ತಕ್ಷಕನ ಮೇಲೆ ಹಗೆಯಿತ್ತು. ಮಾಡಬೇಕಾದ ಕೆಲಸವು ಒಂದಿರಲು ಹುಡುಗನಂತೆ ಮತ್ತೊಂದನ್ನು ಮಾಡುತ್ತಿರುವೆಯಲ್ಲ ಎಂದು ಅವನು ಅರಸನನ್ನು ಚುಚ್ಚಿ ನುಡಿದನು. ಅದನ್ನು ಕೇಳಿದ ಮೇಲೆ ಜನಮೇಜಯನು ಮಾಡಿದ್ದೇನು? ತನ್ನ ತಂದೆ ಸತ್ತದ್ದು ಹೇಗೆ ಎಂದು ಮಂತ್ರಿಗಳನ್ನು ಕೇಳಿದನು! ಅವರು ವಿಸ್ತಾರವಾಗಿ ಹೇಳಿದರು. ಆಗ ಅವನಿಗೆ ಕಣ್ಣೀರು ಬಂತು, ಕೈಗೆ ಕೈ ತೀಡಿದನು, ಪ್ರತಿಜ್ಞೆ ಮಾಡಿದನು. ಆ ಪ್ರತಿಜ್ಞೆಯಲ್ಲಿಯೂ ಉತ್ತಂಕನಿಗೆ ಪ್ರಿಯವಾದುದನ್ನು ಮಾಡುವೆನೆಂಬ ಮಾತು ಸೇರಿಯೇ ಇದೆ. ಎರವಲು ತಂದ ಹಗೆ ಎಂದರೆ ಇದೇ.

ಹಿಂದಕ್ಕೆ ಹೋದರೂ ಹಾಗೆಯೇ. ಪರೀಕ್ಷಿತನಿಗೆ ಶಾಪ ಕೊಟ್ಟ ಶೃಂಗಿಯು ಶಮೀಕಮುನಿಯ ಮಗ, ಅವನೂ ಹುಡುಗನೇ. ತಂದೆಯ ಹೆಗಲ ಮೇಲೆ ಅರಸನು ಸತ್ತ ಹಾವನ್ನು ಹಾಕಿದನೆಂಬುದನ್ನು ಅವನು ಕಣ್ಣಾರೆ ಕಂಡವನಲ್ಲ. ಕೃಶನೆಂಬ ಗೆಳೆಯನು ಹಾಸ್ಯಮಾಡಿ ಹೇಳಿದ್ದರಿಂದ ಕೆರಳಿದನು. ಆದರೆ ಶಮೀಕನು ಬದುಕಿದ್ದನು. ಬದುಕಿದ್ದುದರಿಂದ ಮಗನನ್ನು ಕರೆದು, ನೀನು ಮಾಡಿದ್ದು ಸರಿಯಲ್ಲ ಎಂದು ಬುದ್ಧಿ ಹೇಳಿದನು, ಅರಸನಿಗೆ ಎಚ್ಚರಿಕೆಯನ್ನೂ ಕಳುಹಿಸಿದನು. ಸತ್ತ ತಂದೆಗೆ ಇಷ್ಟು ಮಾಡುವ ಅವಕಾಶವಿಲ್ಲ. ಅವನ ಹೆಸರಿನಲ್ಲಿ ಯಾರು ಏನು ಹೇಳಿದರೂ ಅಲ್ಲವೆನ್ನಲಾರನು. ತಂದೆಯನ್ನು ಕಳೆದುಕೊಂಡ ಹುಡುಗನ ನಿಜವಾದ ಅಪಾಯವು ಇಲ್ಲಿದೆ; ಕಥೆಗಾರರ ಕಣ್ಣಿಗೆ ಬೀಳದಿರುವುದೂ ಇದೇ.

ಅದೇ ಯಾಗಶಾಲೆಗೆ ಇನ್ನೊಬ್ಬ ಬಾಲಕನು ಬಂದನು. ಆಸ್ತೀಕನು ಹುಟ್ಟುವುದಕ್ಕೆ ಮೊದಲೇ ಅವನ ತಂದೆ ಜರತ್ಕಾರುವು ಹೆಂಡತಿಯನ್ನು ತೊರೆದು ಹೋಗಿದ್ದನು. ಕಾರಣವು ಅಲ್ಪವಾದದ್ದು: ಸಂಧ್ಯಾಕಾಲ ಮೀರುವುದೆಂದು ಆಕೆ ಅವನನ್ನು ನಿದ್ದೆಯಿಂದ ಎಬ್ಬಿಸಿದ್ದಳು. ಈ ಮಗುವಿಗೆ ಹಗೆ ಸಾಧಿಸಲು ಕಾರಣವಿರಲಿಲ್ಲವೆ? ಬೇಕಾದಷ್ಟಿತ್ತು. ಆದರೆ ಅವನನ್ನು ಸಾಕಿದವಳು ತಾಯಿ, ಬೆಳೆಸಿದ್ದು ಸೋದರಮಾವ ವಾಸುಕಿಯ ಮನೆ. ಹಾವುಗಳು ಬೆಂಕಿಗೆ ಬೀಳತೊಡಗಿದಾಗ ತಾಯಿಯು ಅವನನ್ನು ಕರೆದು, ತನ್ನನ್ನು ಅವನ ತಂದೆಗೆ ಏತಕ್ಕೆ ಕೊಟ್ಟರೆಂಬುದನ್ನು ತಿಳಿಸಿದಳು. ಅವನು ಹೊರಟುಹೋಗಿ ಯಾಗವನ್ನು ನಿಲ್ಲಿಸಿದನು. ಒಂದೇ ಮಂಟಪದಲ್ಲಿ ತಂದೆಯಿಲ್ಲದ ಇಬ್ಬರು ಎದುರುಬದುರಾಗಿ ನಿಂತಿದ್ದಾರೆ. ಒಬ್ಬನಿಗೆ ಸುಡು ಎಂದು ಹೇಳಿದವರಿದ್ದರು, ಮತ್ತೊಬ್ಬನಿಗೆ ಉಳಿಸು ಎಂದು ಹೇಳಿದವರಿದ್ದರು.

ಪಾಶ್ಚಾತ್ಯರಲ್ಲಿ ಹೀಗಿಲ್ಲವೆನ್ನುವವರು ಕ್ರಿ.ಶ. ೧೬೦೦ರ ಸುಮಾರಿಗೆ ಷೇಕ್ಸ್‌ಪಿಯರ್ ಕವಿಯು ಬರೆದ ‘ಹ್ಯಾಮ್ಲೆಟ್’ ನಾಟಕವನ್ನು ತೆಗೆದು ನೋಡಲಿ. ತಂದೆಯಳಿದ ಮಕ್ಕಳು ಅದರಲ್ಲಿ ಒಬ್ಬರಲ್ಲ, ನಾಲ್ವರು. ಹ್ಯಾಮ್ಲೆಟನು ಮೊದಲು ದುಃಖಿತನು ಮಾತ್ರ. ಪ್ರೇತವು ಬಂದು ಹೇಳಿದ ಮೇಲೆ ಸೇಡಿನ ಹೊರೆಯನ್ನು ಹೊತ್ತವನು. ಲೇಯರ್ಟೀಸನು ಕೂಗಾಡುತ್ತ ಅರಮನೆಗೆ ನುಗ್ಗಿದನು ನಿಜ. ಆದರೆ ಅವನ ಕೋಪವನ್ನು ವಿಷ ಸವರಿದ ಕತ್ತಿಯಾಗಿ ಮಾಡಿದ್ದು ರಾಜನ ಸಿಹಿಮಾತು. ಫೋರ್ಟಿನ್‌ಬ್ರಾಸನು ಸೈನ್ಯ ಕೂಡಿಸಿದನು. ಚಿಕ್ಕಪ್ಪನು ಗದರಿಸಲು ಅದನ್ನೇ ಪೋಲೆಂಡಿನ ಕಡೆಗೆ ತಿರುಗಿಸಿದನು. ಒಫೀಲಿಯಳಿಗೆ ಯಾರೂ ಏನನ್ನೂ ಹೇಳಲಿಲ್ಲ. ಅವಳು ಹುಚ್ಚಿಯಾಗಿ ನೀರಿನ ಪಾಲಾದಳು. ನಾಲ್ವರಿಗೂ ಒದಗಿದ ನಷ್ಟವು ಒಂದೇ. ನಾಲ್ವರ ಗತಿಯೂ ಬೇರೆ ಬೇರೆ.

ಇವೆಲ್ಲವೂ ಅರಸುಮಕ್ಕಳ ಮಾತಾಯಿತು. ತಂದೆಯನ್ನು ಕಳೆದುಕೊಂಡ ಮಗುವಿನ ಮನಸ್ಸನ್ನು ಒಳಹೊಕ್ಕು ನೋಡಿದವನೆಂದರೆ ಬಾಣಭಟ್ಟನು. ಅವನು ಅದನ್ನು ಒಂದು ಗಿಳಿಮರಿಯಲ್ಲಿಟ್ಟು ತೋರಿಸಿದನು. ನಾಗವರ್ಮನು ಚಂಪುವಾಗಿ ಕನ್ನಡಿಸಿದ ಆ ‘ಕಾದಂಬರಿ’ಯ ಹೆಸರನ್ನೇ ಇಂದು ಕನ್ನಡದಲ್ಲಿ ಎಲ್ಲ ಗದ್ಯಕಥೆಗಳಿಗೂ ಇಟ್ಟಿದ್ದಾರೆ, ಆದರೆ ಹೆಸರನ್ನು ಎತ್ತಿಕೊಂಡವರು ಗಿಳಿಮರಿಯನ್ನು ಮರೆತುಬಿಟ್ಟರು. ಪಂಪಾಸರೋವರದ ಬಳಿಯ ಬೂರುಗದ ಮರದ ಪೊಟರೆಯಲ್ಲಿ ಅದು ಹುಟ್ಟಿತು. ಹೆರುವ ನೋವಿನಿಂದಲೇ ತಾಯಿ ಸತ್ತಳು. ತಂದೆಯು ಮುದಿ ಗಿಳಿ, ದೂರ ಹಾರಲಾರದು. ಬೇರೆ ಗೂಡುಗಳಿಂದ ಉದುರಿದ ಭತ್ತದ ಕಾಳುಗಳನ್ನೂ, ಇತರ ಗಿಳಿಗಳು ಕುಟುಕಿ ಬಿಟ್ಟ ಹಣ್ಣಿನ ಚೂರುಗಳನ್ನೂ ಆಯ್ದು ತಂದು ಮರಿಗೆ ಕೊಟ್ಟು, ಅದು ತಿಂದು ಮಿಕ್ಕದ್ದನ್ನು ತಾನು ತಿನ್ನುತ್ತಿತ್ತು. ಒಂದು ದಿನ ಬೇಟೆಯ ಶಬರರು ಆ ದಾರಿಯಾಗಿ ಹೋದರು. ಮಾಂಸ ಸಿಕ್ಕದ ಮುದುಕ ಶಬರನೊಬ್ಬನು ಹಿಂದೆ ಉಳಿದು ಮರವನ್ನೇರಿ ಹಣ್ಣು ಕೀಳುವಂತೆ ಗಿಳಿಗಳನ್ನು ಕಿತ್ತು ಕೊಂದು ಕೆಳಗೆ ಎಸೆಯತೊಡಗಿದನು. ತಂದೆಗಿಳಿಯು ಏನೂ ತೋಚದೆ ಮರಿಯನ್ನು ರೆಕ್ಕೆಗಳಲ್ಲಿ ಮುಚ್ಚಿಕೊಂಡು ಕುಳಿತಿತು. ಶಬರನು ಅದರ ಕತ್ತು ಮುರಿದು ಕೆಳಕ್ಕೆ ಎಸೆದನು. ಎದೆಗೆ ಅವಚಿಕೊಂಡಿದ್ದ ಮರಿಯು ಅವನ ಕಣ್ಣಿಗೆ ಬೀಳದೆ, ತಂದೆಯ ಜತೆಗೇ ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕಿಕೊಂಡಿತು.

ಮುಂದೆ ಆ ಮರಿಗೆ ಬಂದದ್ದು ಸೇಡಿನ ಯೋಚನೆಯಲ್ಲ. ಮೊದಲು ಭಯ: ತಂದೆಯ ದೇಹವನ್ನು ಅಲ್ಲಿಯೇ ಬಿಟ್ಟು ತೆವಳಿಕೊಂಡು ಹೋಗಿ ಹೊಂಗೆಯಂತೆ ದಟ್ಟವಾಗಿದ್ದ ತಮಾಲದ ಬುಡದಲ್ಲಿ ಅವಿತುಕೊಂಡಿತು. ಆಮೇಲೆ ಬಾಯಾರಿಕೆ. ರೆಕ್ಕೆ ಬಲಿಯದ ಆ ಮರಿಯು ಏಳುತ್ತ ಬೀಳುತ್ತ ನೀರಿನ ಕಡೆಗೆ ಹೊರಟಿತು; ಹೊರಟು, ತಂದೆ ಸತ್ತ ಗಳಿಗೆಯಲ್ಲಿಯೇ ತನಗೆ ನೀರು ಬೇಕೆನಿಸಿತಲ್ಲ, ಇನ್ನೂ ಬದುಕಬೇಕೆನಿಸಿತಲ್ಲ, ತನ್ನಂಥ ಕೃತಘ್ನರುಂಟೆ ಎಂದು ತನ್ನನ್ನೇ ಹಳಿದುಕೊಂಡಿತು. ಬಾಣನು ಇಲ್ಲಿ ನಿಂತು ಒಂದು ಗಳಿಗೆ ಕಣ್ಣೊರೆಸಿಕೊಂಡಿರಬೇಕೆಂದು ತೋರುತ್ತದೆ. ಅಷ್ಟರಲ್ಲಿ ಜಾಬಾಲಿಮುನಿಯ ಮಗನಾದ ಹಾರೀತನು ಸ್ನಾನಕ್ಕೆ ಬಂದವನು ಮರಿಯನ್ನು ಎತ್ತಿಸಿಕೊಂಡು ಹೋಗಿ ಕೊಕ್ಕಿಗೆ ನೀರಿನ ಹನಿಗಳನ್ನು ಬಿಟ್ಟನು. ಅಲ್ಲಿಂದ ಮುಂದೆ ಆ ಗಿಳಿಯ ನಡೆಗೆ ಕಾರಣವಾದದ್ದು ಹಿಂದಿನ ಜನ್ಮದ ಪ್ರೇಮ. ಆ ಮುದುಕ ಶಬರನು ಕಥೆಯಲ್ಲಿ ಮತ್ತೆ ಬರುವುದೇ ಇಲ್ಲ. ಇಂದಿನವರ ಕೈಗೆ ಸಿಕ್ಕಿದ್ದರೆ ಅವನನ್ನು ಹುಡುಕಿಸಿ ಕಣ್ಣು ಕುಕ್ಕಿಸದೆ ಬಿಡುತ್ತಿರಲಿಲ್ಲ.

ಈಗ ಮನೆಗಳ ಮಾತು. ಹನ್ನೆರಡು ವರ್ಷದ ಹುಡುಗನೊಬ್ಬನ ತಂದೆ ತೀರಿಕೊಂಡರೆ ವೈಕುಂಠಸಮಾರಾಧನೆಯ ಊಟಕ್ಕೆ ಬಂದ ನೆಂಟರು ಹೋಗುವಾಗ ಅವನ ಬೆನ್ನು ತಟ್ಟಿ, “ಇನ್ನು ಮೇಲೆ ಈ ಮನೆಗೆ ನೀನೇ ಯಜಮಾನನಪ್ಪಾ” ಎನ್ನುತ್ತಾರೆ. ನಿಮ್ಮ ತಂದೆಯ ಆಸೆ ಹೀಗಿತ್ತು, ಹಾಗಿತ್ತು ಎಂದು ತಂದೆಯು ಎಂದೂ ಆಡದ ಮಾತುಗಳನ್ನು ಅವನ ಬಾಯಿಗೆ ಹಾಕುತ್ತಾರೆ. ದಾಯಾದಿಗಳ ವ್ಯಾಜ್ಯವಿದ್ದರೆ ಅದನ್ನೂ ಕಿವಿಯಲ್ಲಿ ಊದುವ ಉತ್ತಂಕರಿಗೆ ಕಡಿಮೆಯಿಲ್ಲ. ಆ ಹುಡುಗನಿಗೆ ಆ ಸಂಜೆ ಬುಗುರಿ ಆಡಬೇಕೆಂದು ಆಸೆಯಾಗಿರುತ್ತದೆ. ಹೋಳಿಗೆ ರುಚಿಯಾಗಿತ್ತೆಂದು ಮನಸ್ಸಿನಲ್ಲಿಯೇ ನಾಚಿಕೆಪಟ್ಟುಕೊಂಡಿರುತ್ತಾನೆ. ಯಾರೊಡನೆಯೂ ಹೇಳಲಾರನು. ಅವನು ಒಂದು ಕಥೆಯ ಪುಸ್ತಕವನ್ನು ತೆರೆದರೆ ಅಲ್ಲಿಯೂ ತನ್ನ ವಯಸ್ಸಿನವನೊಬ್ಬನು ಕಣ್ಣು ಕೆಂಪಗೆ ಮಾಡಿಕೊಂಡು ಶಪಥ ಮಾಡುತ್ತ ನಿಂತಿದ್ದಾನೆ. ತನ್ನಲ್ಲಿ ಆ ಕಿಚ್ಚಿಲ್ಲವಾದ್ದರಿಂದ ತಾನು ತಂದೆಯನ್ನು ಪ್ರೀತಿಸಲೇ ಇಲ್ಲವೆಂದು ಆ ಹುಡುಗನು ತಿಳಿದುಕೊಂಡರೆ ಪಾಪವು ಯಾರದು?

ಕಿಚ್ಚಿಲ್ಲದಿದ್ದರೆ ಕಥೆಯು ನಡೆಯುವುದೆಂತು ಎಂದು ಕೇಳುವರು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಚಂದ್ರಹಾಸನ ಕಥೆಯು ನಡೆಯಲಿಲ್ಲವೆ? ತಂದೆ ಯುದ್ಧದಲ್ಲಿ ಮಡಿದನು, ತಾಯಿ ಸಹಗಮನ ಮಾಡಿದಳು, ಎತ್ತಿಕೊಂಡು ಓಡಿಬಂದ ದಾದಿಯೂ ಕುಂತಳನಗರದಲ್ಲಿ ಸತ್ತಳು. ಬೀದಿಯ ಜನರು ಉಣಿಸಿದರು. ಮಗುವು ಸಿಕ್ಕಿದ ಸಾಲಗ್ರಾಮವನ್ನು ಬಾಯಲ್ಲಿಟ್ಟುಕೊಂಡು ಆಡಿತು. ಕೊಲೆಗೆಂದು ಕಾಡಿಗೆ ಒಯ್ದವರು ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಬಿಟ್ಟುಹೋದರು. ಕುಳಿಂದನು ಎತ್ತಿ ಸಾಕಿದನು. ಕಡೆಗೆ ತನ್ನನ್ನು ಕೊಲ್ಲಿಸಲು ಹವಣಿಸಿದ ದುಷ್ಟಬುದ್ಧಿಯೇ ಸತ್ತು ಬಿದ್ದಿರುವಾಗ, ಅವನೂ ಅವನ ಮಗನೂ ಬದುಕಲೆಂದು ಚಂಡಿಕೆಗೆ ತನ್ನ ತಲೆಯನ್ನೇ ಕೊಡಲು ಮುಂದಾದನು. ಈ ಪಾತ್ರಕ್ಕೆ ಪ್ರೇರಣೆ ಸಾಲದೆನ್ನುವ ವಿಮರ್ಶಕರು ಶತಮಾನಗಳಿಂದ ಇದನ್ನು ಮನೆಮನೆಯಲ್ಲಿ ಓದಿಸಿ ಕೇಳಿದವರೆಲ್ಲ ಮೂಢರೆಂದು ಹೇಳಬೇಕಾಗುತ್ತದೆ.

ಬಾಣನು ಇದನ್ನೆಲ್ಲ ಬರೀ ಊಹೆಯಿಂದ ಬರೆದವನಲ್ಲ. ಕ್ರಿ.ಶ. ೬೦೬ರಿಂದ ೬೪೭ರವರೆಗೆ ಆಳಿದ ಹರ್ಷವರ್ಧನನ ಆಸ್ಥಾನದಲ್ಲಿದ್ದ ಈ ಕವಿಯು ‘ಹರ್ಷಚರಿತ’ದಲ್ಲಿ ತನ್ನ ವೃತ್ತಾಂತವನ್ನೂ ಹೇಳಿಕೊಂಡಿದ್ದಾನೆ. ಎಳೆತನದಲ್ಲಿಯೇ ತಾಯಿ ಹೋದಳು. ತಂದೆ ಚಿತ್ರಭಾನುವೇ ತಾಯಿಯಾಗಿ ಸಾಕಿದನು. ೧೪ನೆಯ ವಯಸ್ಸಿನಲ್ಲಿ ಅವನೂ ಇಲ್ಲವಾದನು. ಬಾಣನು ಯಾವ ಶಪಥವನ್ನೂ ಮಾಡಲಿಲ್ಲ. ಹಾವಾಡಿಗ, ಅಕ್ಕಸಾಲಿಗ, ಜೂಜುಗಾರ ಮೊದಲಾದವರ ದೊಡ್ಡ ಗುಂಪನ್ನು ಕಟ್ಟಿಕೊಂಡು ಊರೂರು ಅಲೆದನು, ದೊಡ್ಡವರಿಂದ ನಗೆಗೀಡಾದನು, ಅದನ್ನು ಮರೆಮಾಚದೆ ಬರೆದನು. ‘ಕಾದಂಬರಿ’ಯು ಮುಗಿಯುವುದಕ್ಕೆ ಮೊದಲೇ ಅವನು ಕಾಲವಾದನು. ಅದನ್ನು ಮುಗಿಸಿದವನು ಮಗ ಭೂಷಣಭಟ್ಟ. ತಂದೆಯನ್ನು ಮೀರಿಸಬೇಕೆಂದಾಗಲಿ, ಕವಿತ್ವದ ಹೆಮ್ಮೆಯಿಂದಾಗಲಿ ಅವನು ಕೈಹಾಕಲಿಲ್ಲ. ಕಥೆಯು ಅರ್ಧದಲ್ಲಿ ನಿಂತುಹೋಯಿತಲ್ಲ ಎಂದು ಸಜ್ಜನರು ಮರುಗುತ್ತಿದ್ದರಂತೆ, ಅದಕ್ಕಾಗಿ ಬರೆದೆನೆಂದು ಆರಂಭದಲ್ಲಿಯೇ ಹೇಳಿ, ತಂದೆಯು ನಿಲ್ಲಿಸಿದ್ದ ಕಡೆಯಿಂದ ಮುಂದುವರಿಸಿದನು.